ಹಸಿರು ಮರಗಪ್ಪೆ ಸಾಕುವುದು, ಮರಿ ಮಾಡಿಸುವುದು: ನೀರಿನಿಂದ ಶುರು ಮಾಡಿ

ಕಪ್ಪೆ ಸಾಕಬೇಕು ಅಂತ ಯಾರಾದರೂ ಬಂದರೆ ನಾನು ಮೊದಲು ಕೇಳುವುದು ಒಂದೇ ಪ್ರಶ್ನೆ. ನಿಮ್ಮ ಮನೆ ನಲ್ಲಿಯಲ್ಲಿ ಬರುವ ನೀರು ಎಂಥದ್ದು? ಗಾಜಿನ ಪೆಟ್ಟಿಗೆ ಎಷ್ಟು ದೊಡ್ಡದು, ಏನು ತಿನ್ನುತ್ತದೆ, ಅದೆಲ್ಲ ಆಮೇಲೆ. ಕಪ್ಪೆ ಬಾಯಿಂದ ನೀರು ಕುಡಿಯುವುದಿಲ್ಲ. ಹೊಟ್ಟೆಯ ಕೆಳಗಿನ, ತೊಡೆ ಸಂದಿಯ ತೆಳು ಚರ್ಮವನ್ನು ನೀರಿಗೆ ಒತ್ತಿ ಕೂತು ಅಲ್ಲಿಂದಲೇ ಹೀರಿಕೊಳ್ಳುತ್ತದೆ. ಉಸಿರಾಟದ ಒಂದು ಪಾಲು ಕೂಡ ಚರ್ಮದ್ದೇ. ನೀರಿನಲ್ಲಿ ಏನು ಕರಗಿದೆಯೋ ಅದು ಸೀದಾ ಕಪ್ಪೆಯ ಮೈಯೊಳಗೆ ಹೋಗುತ್ತದೆ. ಇದೊಂದು ತಲೆಗೆ ಹತ್ತಿದರೆ ಉಳಿದದ್ದು ತಾನಾಗೇ ಅರ್ಥವಾಗುತ್ತದೆ.

ನಾನು ಮಲೆನಾಡಿನವನು, ಈಗ ಸಿಡ್ನಿಯಲ್ಲಿದ್ದೇನೆ. ಊರಿನ ಮನೆಯಲ್ಲಿ ಬಚ್ಚಲ ಹಂಡೆಯ ಹಿಂದೆ ಯಾವಾಗಲೂ ಒಂದೆರಡು ಮರಗಪ್ಪೆ ಅಂಟಿಕೊಂಡಿರುತ್ತಿದ್ದವು. ಇಲ್ಲಿಗೆ ಬಂದ ಮೇಲೆ ಲೈಸೆನ್ಸ್ ಮಾಡಿಸಿಕೊಂಡು ಆಸ್ಟ್ರೇಲಿಯಾದ ಹಸಿರು ಮರಗಪ್ಪೆ ಸಾಕಲು ಶುರು ಮಾಡಿದೆ. ಬೇರೆ ದೇಶಗಳ ಅಂಗಡಿಗಳಲ್ಲಿ ಇದನ್ನೇ ವೈಟ್ಸ್ ಟ್ರೀ ಫ್ರಾಗ್ ಅಂತ ಮಾರುತ್ತಾರೆ. ಇಂಗ್ಲೆಂಡ್, ಅಮೆರಿಕದಲ್ಲಿರುವ ನಮ್ಮವರಿಗೂ ಸುಲಭವಾಗಿ ಸಿಗುವುದು ಇದೇ ಕಪ್ಪೆ. ಹಾಗಾಗಿ ಇಲ್ಲಿ ಬರೆದಿರುವುದೆಲ್ಲ ಇದರ ಬಗ್ಗೆಯೇ. ಬೇರೆ ಜಾತಿಗೆ ಇದನ್ನೇ ಹಾಗೇ ಹಚ್ಚಬೇಡಿ. ಕೆಂಪು ಕಣ್ಣಿನ ಮರಗಪ್ಪೆಗೆ ಬೇಕಾದ ತೇವ ಇದಕ್ಕೆ ಕೊಟ್ಟರೆ ಚರ್ಮ ಕೆಡುತ್ತದೆ.

ತರುವ ಮುಂಚೆ

ಊರಿನಲ್ಲಿರುವವರಿಗೆ ಮೊದಲೇ ಒಂದು ಮಾತು. ಮಳೆಗಾಲದಲ್ಲಿ ಕೆರೆ ಅಂಚಿನ ಗಿಡಕ್ಕೆ ನೊರೆಗೂಡು ಕಟ್ಟುವ ಮಲಬಾರ್ ಹಾರುಕಪ್ಪೆಯನ್ನೋ, ಬಚ್ಚಲಿಗೆ ಬರುವ ಸಾಮಾನ್ಯ ಮರಗಪ್ಪೆಯನ್ನೋ ಹಿಡಿದು ತಂದು ಸಾಕಬೇಡಿ. ಕಾಡುಪ್ರಾಣಿಗೆ 1972ರ ವನ್ಯಜೀವಿ ಕಾಯ್ದೆ ಇದೆ ಅನ್ನುವುದು ಒಂದು ಕಾರಣ. ಪೆಟ್ಟಿಗೆಯೊಳಗೆ ಅವು ಗಾಜಿಗೆ ಮೂತಿ ಗುದ್ದಿ ಗುದ್ದಿ ಗಾಯ ಮಾಡಿಕೊಳ್ಳುತ್ತವೆ ಅನ್ನುವುದು ನನಗೆ ಅದಕ್ಕಿಂತ ದೊಡ್ಡ ಕಾರಣ. ಹಿತ್ತಿಲಲ್ಲಿ ಒಂದು ತೊಟ್ಟಿ ನೀರು, ನಾಲ್ಕು ಗಿಡ ಇದ್ದರೆ ಅವೇ ಬರುತ್ತವೆ. ವಿದೇಶಿ ಕಪ್ಪೆ ಕೊಳ್ಳುವುದಾದರೂ ಕಾಗದಪತ್ರ ನೋಡಿಯೇ ಕೊಳ್ಳಿ. ಕೆಂಪು ಕಣ್ಣಿನ ಮರಗಪ್ಪೆ 2010ರಿಂದ ಸೈಟಿಸ್ ಪಟ್ಟಿಯಲ್ಲಿದೆ, ಅಂದರೆ ಕಾಡುಪ್ರಾಣಿಗಳ ವಿದೇಶಿ ವ್ಯಾಪಾರಕ್ಕೆ ಕಡಿವಾಣ ಹಾಕುವ ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿ. ಅಂಥ ಪ್ರಾಣಿಯನ್ನು ಭಾರತದಲ್ಲಿ ಇಟ್ಟುಕೊಂಡರೆ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು.

ನಾನಿರುವ ನ್ಯೂ ಸೌತ್ ವೇಲ್ಸ್ ರಾಜ್ಯದಲ್ಲಿ ಕಪ್ಪೆ ಸಾಕಲು ಲೈಸೆನ್ಸ್ ಬೇಕೇ ಬೇಕು. ಅದು ಕೈಗೆ ಬಂದ ಮೇಲೇ ಕಪ್ಪೆ ತರಬೇಕು, ಕಾಡಿನಿಂದ ಹಿಡಿಯುವ ಹಾಗಿಲ್ಲ. ಲೈಸೆನ್ಸ್ ಇರುವ ಸಾಕಣೆದಾರರಿಂದ ಕೊಳ್ಳಬಹುದು. ಇನ್ನೊಂದು ದಾರಿಯೂ ಇದೆ, ನನಗೆ ತುಂಬಾ ಇಷ್ಟವಾದದ್ದು. ಕ್ವೀನ್ಸ್‌ಲ್ಯಾಂಡಿನಿಂದ ಬರುವ ಬಾಳೆಹಣ್ಣಿನ ಪೆಟ್ಟಿಗೆಗಳಲ್ಲಿ ಕಪ್ಪೆಗಳು ಗೊತ್ತಿಲ್ಲದೆ ಸಾವಿರ ಕಿಲೋಮೀಟರ್ ಪ್ರಯಾಣ ಮಾಡಿ ಮಾರ್ಕೆಟ್ಟಿಗೆ ಬಂದುಬಿಡುತ್ತವೆ. ರೋಗ ಹರಡುವ ಭಯದಿಂದ ಅವುಗಳನ್ನು ವಾಪಸ್ ಬಿಡುವಂತಿಲ್ಲ. ಸಿಡ್ನಿಯ ಫ್ರಾಗ್ ಅಂಡ್ ಟ್ಯಾಡ್‌ಪೋಲ್ ಸ್ಟಡಿ ಗ್ರೂಪ್ ಇಂಥ ದಾರಿ ತಪ್ಪಿದ ಕಪ್ಪೆಗಳಿಗೆ ಲೈಸೆನ್ಸ್ ಇರುವವರ ಮನೆ ಹುಡುಕಿ ಕೊಡುತ್ತದೆ. ನನ್ನ ಮೊದಲ ಹೆಣ್ಣು ಕಪ್ಪೆ ಹೀಗೆ ಬಾಳೆಹಣ್ಣಿನ ಜೊತೆ ಬಂದದ್ದು.

ಆಯಸ್ಸಿನ ಬಗ್ಗೆಯೂ ಯೋಚಿಸಿ. ಚೆನ್ನಾಗಿ ನೋಡಿಕೊಂಡರೆ ಈ ಕಪ್ಪೆ 15ರಿಂದ 20 ವರ್ಷ ಬದುಕುತ್ತದೆ. 5ನೇ ಕ್ಲಾಸಿನ ಮಗಳು ಆಸೆಪಟ್ಟು ತಂದರೆ, ಅವಳು ಕೆಲಸಕ್ಕೆ ಸೇರಿ ಬೇರೆ ಊರಿಗೆ ಹೋದ ಮೇಲೂ ಕಪ್ಪೆ ನಿಮ್ಮ ಮನೆಯಲ್ಲೇ ಇರುತ್ತದೆ. ನೋಡಿಕೊಳ್ಳುವವರು ನೀವೇ.

ಪೆಟ್ಟಿಗೆ

ಕಪ್ಪೆ ಬರುವ ಎರಡು ವಾರ ಮುಂಚೆಯೇ ಪೆಟ್ಟಿಗೆ ಸಿದ್ಧವಾಗಿರಲಿ. ಬಿಸಿ, ತೇವ ಎಲ್ಲ ಹದಕ್ಕೆ ಬಂದಿದೆಯಾ ಅಂತ ಖಾಲಿ ಪೆಟ್ಟಿಗೆಯಲ್ಲೇ ನೋಡಿಕೊಳ್ಳಿ. ಎರಡು ದೊಡ್ಡ ಕಪ್ಪೆಗೆ 60 ಸೆಂ.ಮೀ ಉದ್ದ, 45 ಅಗಲ, 60 ಎತ್ತರ ಅಂದರೆ ಕನಿಷ್ಠ. 90 ಎತ್ತರ ಇದ್ದರೆ ಇನ್ನೂ ಒಳ್ಳೆಯದು, ಯಾಕೆಂದರೆ ಇದು ಹತ್ತುವ ಪ್ರಾಣಿ. ಮೇಲೆ ಜಾಲರಿ ಇರಬೇಕು, ಗಾಳಿ ಆಡಬೇಕು. ಬಾಗಿಲು ಮುಂದೆ ತೆರೆಯುವಂತಿದ್ದರೆ ಕಪ್ಪೆ ಬೆದರುವುದು ಕಡಿಮೆ. ಮೇಲಿನಿಂದ ಕೈ ಬಂದರೆ ಅದಕ್ಕೆ ಹಕ್ಕಿ ಎರಗಿದ ಹಾಗೆ.

ತಳಕ್ಕೆ ತೆಂಗಿನ ನಾರಿನ ಪುಡಿ ಸಾಕು. ಗೊಬ್ಬರ, ಕೀಟನಾಶಕ ಸೇರಿರುವ ನರ್ಸರಿ ಮಣ್ಣು ಬೇಡ. ಸಣ್ಣ ಜಲ್ಲಿಕಲ್ಲು ಅಂತೂ ಬೇಡವೇ ಬೇಡ. ಹುಳಕ್ಕೆ ಬಾಯಿ ಹಾಕುವಾಗ ಕಲ್ಲನ್ನೂ ನುಂಗಿಬಿಡುತ್ತದೆ, ಅದು ಹೊಟ್ಟೆಯಲ್ಲೇ ಕೂತುಬಿಡುತ್ತದೆ. ಗಿಡ ಅಂದರೆ ಮನಿ ಪ್ಲಾಂಟ್ ಹಾಕಿ, ಕಪ್ಪೆಯ ಭಾರಕ್ಕೆ ಬಗ್ಗಿದರೂ ಮತ್ತೆ ಚಿಗುರುತ್ತದೆ. ಕೈ ದಪ್ಪದ ಎರಡು ಮೂರು ಕೊಂಬೆ ಓರೆಯಾಗಿ ನಿಲ್ಲಿಸಿ. ಅಂಗಡಿಯವರು ಹೇಳದ ಒಂದು ವಸ್ತು ನಾನು ಹೇಳುತ್ತೇನೆ, 50 ಮಿ.ಮೀ ಪಿವಿಸಿ ಪೈಪಿನ ಒಂದು ಅಡಿ ತುಂಡು. ಒಂದು ಮೂಲೆಯಲ್ಲಿ ನೆಟ್ಟಗೆ ನಿಲ್ಲಿಸಿಬಿಡಿ. ಇಲ್ಲಿ ಈ ಕಪ್ಪೆಗಳು ಮನೆಗಳ ಮಳೆನೀರಿನ ಪೈಪು, ಅಂಚೆ ಡಬ್ಬ, ಹಳ್ಳಿ ಕಡೆಯ ಕಕ್ಕಸಿನ ನೀರಿನ ತೊಟ್ಟಿಯಲ್ಲೆಲ್ಲ ಸೇರಿಕೊಳ್ಳುತ್ತವೆ. ಎಷ್ಟು ಚೆಂದದ ಗಿಡ ಇಟ್ಟರೂ ಹಗಲು ಹೊತ್ತು ನನ್ನ ಗಂಡು ಕಪ್ಪೆ ನಿದ್ದೆ ಮಾಡುವುದು ಆ ಪೈಪಿನೊಳಗೇ. ಕಾಲು ಮಡಿಸಿ, ಗಲ್ಲ ಅಂಚಿಗಿಟ್ಟು, ಕಣ್ಣು ಅರೆಮುಚ್ಚಿ.

ಬಿಸಿ ಹಗಲು 24ರಿಂದ 29 ಡಿಗ್ರಿ ಸೆಲ್ಸಿಯಸ್, ರಾತ್ರಿ 18ರಿಂದ 21. ಪೆಟ್ಟಿಗೆಯ ಒಂದು ಕಡೆ ಬೆಚ್ಚಗೆ, ಇನ್ನೊಂದು ಕಡೆ ತಂಪಾಗಿ ಇರಲಿ, ಎಲ್ಲಿ ಕೂರಬೇಕು ಅನ್ನುವುದು ಕಪ್ಪೆಗೇ ಗೊತ್ತು. ಹೀಟರ್‌ಗೆ ಥರ್ಮೋಸ್ಟಾಟ್ ಇಲ್ಲದೆ ಇರಬಾರದು. ಬಿಸಿ ಬಲ್ಬನ್ನು ಜಾಲರಿಯ ಹೊರಗಡೆಯೇ ಇಡಿ, ಒಳಗಿಟ್ಟರೆ ಅದರ ಮೇಲೇ ಹಾರಿ ಕೂತು ಹೊಟ್ಟೆ ಸುಟ್ಟುಕೊಳ್ಳುತ್ತದೆ. ಬಿಸಿಲಿನ ಹಾಗೆ ಅತಿನೇರಳೆ ಕಿರಣ ಕೊಡುವ ಸೌಮ್ಯವಾದ ಯುವಿಬಿ ದೀಪ ದಿನಕ್ಕೆ 12 ಗಂಟೆ ಇದ್ದರೆ ಮೂಳೆಗೆ ಒಳ್ಳೆಯದು. ತೇವ ಶೇ. 40ರಿಂದ 60 ಸಾಕು. ಸಂಜೆ ಒಂದು ಸಲ ನೀರು ಸಿಂಪಡಿಸಿ, ಬೆಳಗ್ಗೆ ಹೊತ್ತಿಗೆ ಎಲೆ, ಗಾಜು ಒಣಗಿರಬೇಕು. ಹೊಸಬರು ಮಾಡುವ ತಪ್ಪು ಇದೇ, ಕಪ್ಪೆ ಅಂದರೆ ಯಾವಾಗಲೂ ಒದ್ದೆ ಇರಬೇಕು ಅಂತ ಮೂರು ಹೊತ್ತೂ ಸಿಂಪಡಿಸುವುದು. ಈ ಕಪ್ಪೆಯ ಚರ್ಮ ದಪ್ಪ, ಮೇಣ ಹಚ್ಚಿದ ಹಾಗಿರುತ್ತದೆ, ಒಣ ಹವೆ ತಡೆಯುತ್ತದೆ. ಸದಾ ಕೊಚ್ಚೆಯಾಗಿದ್ದರೇ ಸೋಂಕು.

ನೀರು

ಈಗ ಆ ನಲ್ಲಿ ನೀರಿಗೆ ಬರೋಣ. ನಗರದ ನೀರಿಗೆ ಕ್ಲೋರಿನ್ ಹಾಕಿರುತ್ತಾರೆ. ಅಗಲ ಬಾಯಿಯ ಪಾತ್ರೆಯಲ್ಲಿ ಒಂದು ದಿನ ತೆರೆದಿಟ್ಟರೆ ಕ್ಲೋರಿನ್ ಹಾರಿಹೋಗುತ್ತದೆ ಅಂತ ಎಲ್ಲರೂ ಹೇಳುತ್ತಾರೆ, ಅದು ನಿಜ ಕೂಡ. ಆದರೆ ಎಷ್ಟೋ ಊರುಗಳಲ್ಲಿ ಈಗ ಕ್ಲೋರಮೈನ್, ಅಂದರೆ ಕ್ಲೋರಿನ್ ಜೊತೆ ಅಮೋನಿಯಾ ಸೇರಿಸಿದ್ದನ್ನು ಬಳಸುತ್ತಾರೆ. ಅದು ಒಂದು ದಿನ ಅಲ್ಲ, ಮೂರು ದಿನ ಇಟ್ಟರೂ ಹೋಗುವುದಿಲ್ಲ. ನಿಮ್ಮೂರಿನ ನೀರಿನ ಮಂಡಳಿಗೆ ಕೇಳಿ ಯಾವುದು ಅಂತ ತಿಳಿದುಕೊಳ್ಳಿ. ಗೊತ್ತಾಗದಿದ್ದರೆ ಕ್ಲೋರಮೈನ್ ಇದೆ ಅಂತಲೇ ಅಂದುಕೊಂಡು ಅಕ್ವೇರಿಯಂ ಅಂಗಡಿಯ ವಾಟರ್ ಕಂಡೀಷನರ್ ಹಾಕಿ. ಬಾಟಲಿ ಮೇಲೆ ಕ್ಲೋರಮೈನ್ ತೆಗೆಯುತ್ತದೆ ಅಂತ ಬರೆದಿರಬೇಕು, ಅದನ್ನು ಓದಿಯೇ ಕೊಳ್ಳಿ.

ಬೆಂಗಳೂರಿನ ಅಭ್ಯಾಸದಲ್ಲಿ ಶುದ್ಧ ನೀರು ಅಂದರೆ ಆರ್‌ಒ ನೀರು ಅಲ್ವಾ? ಕಪ್ಪೆಗೆ ಅದೂ ಸರಿಯಲ್ಲ, ಡಿಸ್ಟಿಲ್ಡ್ ನೀರೂ ಸರಿಯಲ್ಲ. ಲವಣವೇ ಇಲ್ಲದ ನೀರಿನಲ್ಲಿ ಕೂತರೆ ಮೈಯ ಲವಣ ಹೊರಗೆ ಹರಿದುಹೋಗುತ್ತದೆ. ನಾನು ಬಳಸುವುದು ಚಾವಣಿಯಿಂದ ಹಿಡಿದ ಮಳೆನೀರಿಗೆ, ಕಂಡೀಷನರ್ ಹಾಕಿದ ನಲ್ಲಿ ನೀರನ್ನು ಅರ್ಧದಷ್ಟು ಸೇರಿಸಿದ್ದು. ಚಾವಣಿಗೆ ಹೊಸ ಬಣ್ಣ ಹೊಡೆದಿದ್ದರೆ, ಅಕ್ಕಪಕ್ಕ ಔಷಧಿ ಸಿಂಪಡಿಸಿದ್ದರೆ ಆ ಮಳೆನೀರು ಮುಟ್ಟಬೇಡಿ.

ನೀರಿನ ಬಟ್ಟಲು ಕಪ್ಪೆ ಪೂರ್ತಿ ಇಳಿದು ಕೂರುವಷ್ಟು ಅಗಲ ಇರಲಿ, ಆಳ ಅದರ ಗಲ್ಲದ ಮಟ್ಟಕ್ಕೆ. ರಾತ್ರಿ ಅದರಲ್ಲೇ ಹೇತಿರುತ್ತದೆ. ದಿನಾ ಬೆಳಗ್ಗೆ ಚೆಲ್ಲಿ, ಬಿಸಿನೀರಿನಲ್ಲಿ ಉಜ್ಜಿ ತೊಳೆದು, ಹೊಸ ನೀರು ತುಂಬಿ. ಸೋಪು ಬೇಡ. ಮನೆಯಲ್ಲಿ ಕಾಫಿ ಡಿಕಾಕ್ಷನ್ ಇಳಿಯುವಷ್ಟು ಹೊತ್ತಿನಲ್ಲಿ ಈ ಕೆಲಸ ಮುಗಿಯುತ್ತದೆ. ಒಂದು ದಿನವೂ ತಪ್ಪಿಸಬೇಡಿ.

ಕೈಯ ವಿಷಯವೂ ನೀರಿನದ್ದೇ. ಮುಟ್ಟುವ ಮುಂಚೆ ಕೈ ತೊಳೆದು, ಸೋಪಿನ ಜಿಡ್ಡು ಪೂರ್ತಿ ಹೋಗುವವರೆಗೆ ನೀರು ಹಾಕಿ, ಕೊನೆಗೆ ಕಪ್ಪೆಯ ನೀರಿನಿಂದಲೇ ಒದ್ದೆ ಮಾಡಿಕೊಳ್ಳಿ. ಸ್ಯಾನಿಟೈಸರ್, ಸನ್‌ಸ್ಕ್ರೀನ್, ಸೊಳ್ಳೆ ಕ್ರೀಮ್ ಹಚ್ಚಿದ ಕೈ ಕಪ್ಪೆಗೆ ವಿಷ. ಪುಡಿ ಇಲ್ಲದ ಒದ್ದೆ ಗ್ಲೌಸ್ ಹಾಕಿಕೊಂಡರೆ ಇನ್ನೂ ವಾಸಿ. ಮುಟ್ಟಿದ ಮೇಲೆ ಮತ್ತೆ ಸೋಪು ಹಾಕಿ ತೊಳೆಯಿರಿ, ಅದು ನಿಮಗಾಗಿ. ಕಪ್ಪೆ ಮೈಮೇಲೆ ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರಬಹುದು, ಆ ಕೈ ಕಣ್ಣಿಗೆ ತಗುಲಿದರೆ ಉರಿಯೂ ಆಗುತ್ತದೆ. ಈ ಕಪ್ಪೆ ಸಾಧು, ಅಂಗೈ ಮೇಲೆ ಅಲ್ಲಾಡದೆ ಕೂರುತ್ತದೆ. ಹಾಗಂತ ಬಂದವರಿಗೆಲ್ಲ ಎತ್ತಿ ತೋರಿಸುತ್ತಾ ಇರಬೇಡಿ.

ಊಟ

ಮುಖ್ಯ ಊಟ ಕ್ರಿಕೆಟ್ ಹುಳ, ಅಂದರೆ ರಾತ್ರಿ ಕಿರ್ರೆಂದು ಕೂಗುವ ಹುಳ. ಜೊತೆಗೆ ಸಾಕಿದ ಜಿರಳೆ. ಮನೆಯ ಜಿರಳೆ ಹಿಡಿದು ಹಾಕಬೇಡಿ, ಯಾವ ಔಷಧಿ ತಿಂದು ಬಂದಿದೆಯೋ ಗೊತ್ತಿರುವುದಿಲ್ಲ. ಕಪ್ಪೆಯ ಎರಡು ಕಣ್ಣಿನ ನಡುವಿನ ಅಗಲಕ್ಕಿಂತ ದೊಡ್ಡ ಹುಳ ಬೇಡ. ಹುಳಕ್ಕೂ ಹಿಂದಿನ ದಿನ ಚೆನ್ನಾಗಿ ಊಟ ಹಾಕಿ. ಕ್ಯಾರೆಟ್, ಸೊಪ್ಪು, ಕುಂಬಳಕಾಯಿ ಸಿಪ್ಪೆ ಏನಾದರೂ ಸರಿ. ಹುಳದ ಹೊಟ್ಟೆಯಲ್ಲಿ ಇದ್ದದ್ದೇ ಕಪ್ಪೆಗೆ ಸಿಗುವುದು. ಆಮೇಲೆ ಹುಳಗಳನ್ನು ಒಂದು ಡಬ್ಬಕ್ಕೆ ಹಾಕಿ, ವಿಟಮಿನ್ ಡಿ3 ಇರುವ ಕ್ಯಾಲ್ಸಿಯಂ ಪುಡಿ ಒಂದು ಚಿಟಿಕೆ ಉದುರಿಸಿ ಕುಲುಕಿ. ಮೀನಿಗೆ ರವೆ ಹೊರಳಿಸುತ್ತೇವಲ್ಲ, ಹಾಗೆ ತೆಳ್ಳಗೆ ಹತ್ತಿದರೆ ಸಾಕು. ಮರಿಗೆ ಪ್ರತಿ ಊಟಕ್ಕೂ, ದೊಡ್ಡದಕ್ಕೆ ವಾರಕ್ಕೊಮ್ಮೆ. ಇದನ್ನು ಬಿಟ್ಟರೆ ಮೂಳೆ ಮೆತ್ತಗಾಗಿ ದವಡೆ ಸೊಟ್ಟಗಾಗುತ್ತದೆ, ಸೊಟ್ಟಗಾದದ್ದು ಮತ್ತೆ ಸರಿಹೋಗುವುದಿಲ್ಲ.

ದೊಡ್ಡ ಕಪ್ಪೆಗೆ ವಾರಕ್ಕೆ ಎರಡು ಅಥವಾ ಮೂರು ದಿನ, ಒಂದು ಸಲಕ್ಕೆ ನಾಲ್ಕೈದು ಹುಳ. ಅಷ್ಟೇ. ಇದು ಕೊಟ್ಟಷ್ಟೂ ತಿನ್ನುವ ಜಾತಿ, ಮುಖ ನೋಡಿದರೆ ಯಾವಾಗಲೂ ಹಸಿದ ಹಾಗೇ ಕಾಣುತ್ತದೆ. ನಾವು ಕರಗಿ ಇನ್ನೆರಡು ಹಾಕುತ್ತೇವೆ. ಜಾಸ್ತಿ ಆಗಿದೆಯಾ ಅಂತ ತಿಳಿಯಲು ಕಣ್ಣಿನ ಹಿಂದೆ, ಕಿವಿಯ ದುಂಡು ಗುರುತಿನ ಮೇಲೆ ಇರುವ ಮಡಿಕೆ ನೋಡಿ. ಮಡಿಕೆಯೇ ಕಾಣದಿದ್ದರೆ ಕಪ್ಪೆ ಬಡಕಲು. ಮೆಲ್ಲಗೆ ಉಬ್ಬಿದ್ದರೆ ಸರಿ. ಇಳಿದು ಕಿವಿ ಮುಚ್ಚಿ ಕಣ್ಣಿನ ಮೇಲೆ ಬರುತ್ತಿದ್ದರೆ ಊಟ ಅರ್ಧಕ್ಕೆ ಇಳಿಸಿ. ಬೊಜ್ಜಿನಿಂದ ಸಾಯುವ ಸಾಕು ಕಪ್ಪೆಗಳು ತುಂಬಾ. ತಿನ್ನದೆ ಉಳಿದ ಹುಳಗಳನ್ನು ರಾತ್ರಿಯೇ ತೆಗೆದುಬಿಡಿ, ಇಲ್ಲದಿದ್ದರೆ ಮಲಗಿದ ಕಪ್ಪೆಯ ಚರ್ಮವನ್ನೇ ಕಡಿಯುತ್ತವೆ.

ಹೆದರಬೇಕಾದದ್ದು, ಹೆದರಬೇಕಿಲ್ಲದ್ದು

ಮೊದಲ ತಿಂಗಳಲ್ಲೇ ಒಂದು ದಿನ ನೀವು ಗಾಬರಿ ಆಗುತ್ತೀರಿ. ಕಪ್ಪೆ ಬೆನ್ನು ಗೂನು ಮಾಡಿ, ಬಾಯಿ ಮತ್ತೆ ಮತ್ತೆ ಆಕಳಿಸಿದ ಹಾಗೆ ತೆರೆದು, ಹಿಂಗಾಲಿನಿಂದ ಪಕ್ಕೆ ಉಜ್ಜಿಕೊಳ್ಳುತ್ತಾ ಒದ್ದಾಡುತ್ತಿರುತ್ತದೆ. ಏನೂ ಆಗಿಲ್ಲ. ಪೊರೆ ಬಿಡುತ್ತಿದೆ. ಹತ್ತಿರದಿಂದ ನೋಡಿ, ಬಾಯಿಯ ಎರಡೂ ಬದಿಯಿಂದ ತೆಳ್ಳನೆ ಹಾಳೆಯಂಥದ್ದು ಒಳಗೆ ಹೋಗುತ್ತಿರುತ್ತದೆ. ಹಾಲಿನ ಕೆನೆಯಷ್ಟು ತೆಳು. ತನ್ನ ಹಳೆ ಚರ್ಮವನ್ನು ತಾನೇ ತಿನ್ನುತ್ತದೆ. ಕೊನೆಗೆ ಅಂಗಿ ತೋಳು ಎಳೆದ ಹಾಗೆ ಮುಂಗಾಲಿನ ಪೊರೆಯನ್ನೂ ಬಾಯಿಂದ ಎಳೆದು, ಕಣ್ಣು ಒಳಗೆ ಒತ್ತಿ ನುಂಗಿಬಿಟ್ಟು, ಹೊಸದಾಗಿ ಮಿರಿಮಿರಿ ಹಸಿರಾಗಿ ಕೂರುತ್ತದೆ. ಬಣ್ಣ ಒಮ್ಮೆ ಕಂದು, ಒಮ್ಮೆ ಹಸಿರು ಆದರೂ ಗಾಬರಿ ಬೇಡ, ಬಿಸಿಲು ಚಳಿಗೆ ಬದಲಾಗುತ್ತಿರುತ್ತದೆ.

ಹೆದರಬೇಕಾದದ್ದು ಕೈಟ್ರಿಡ್ ಅನ್ನುವ ಬೂಷ್ಟು. ಇದು ಚರ್ಮಕ್ಕೆ ಹತ್ತುತ್ತದೆ. ಚರ್ಮದಿಂದಲೇ ನೀರು, ಲವಣ ನಡೆಸುವ ಪ್ರಾಣಿಗೆ ಚರ್ಮ ಕೆಟ್ಟರೆ ಹೃದಯವೇ ನಿಲ್ಲುತ್ತದೆ. 2021ರ ಚಳಿಗಾಲದಲ್ಲಿ ಪೂರ್ವ ಆಸ್ಟ್ರೇಲಿಯಾ ಉದ್ದಕ್ಕೂ ಈ ಹಸಿರು ಕಪ್ಪೆಗಳು ಕಂದಾಗಿ, ಒಣಗಿ ಸತ್ತು ಬಿದ್ದವು. ಜನ ಫೋಟೋ ತೆಗೆದು ಆಸ್ಟ್ರೇಲಿಯನ್ ಮ್ಯೂಸಿಯಂಗೆ ಕಳಿಸಿದರು. ಪರೀಕ್ಷೆ ಮಾಡಿದ ಎಷ್ಟೋ ಕಪ್ಪೆಗಳಲ್ಲಿ ಕೈಟ್ರಿಡ್ ಸಿಕ್ಕಿತು. ಹಗಲಲ್ಲಿ ನೆಲದ ಮೇಲೆ ಕಾಲು ಚಾಚಿ ಕೂರುವುದು, ಮುಟ್ಟಿದರೂ ಸರಿಯದಿರುವುದು, ಪೊರೆ ತುಂಡುತುಂಡಾಗಿ ಮೈಗೆ ಅಂಟಿಕೊಂಡಿರುವುದು, ತೊಡೆ ಒಳಗೆ ಕೆಂಪಾಗುವುದು, ಇವು ಕಂಡರೆ ಅದೇ ದಿನ ಕಪ್ಪೆ ನೋಡಬಲ್ಲ ಪಶುವೈದ್ಯರ ಹತ್ತಿರ ಹೋಗಿ. ಬೇಗ ಹೋದರೆ ಔಷಧಿ ಇದೆ. ಈ ಬೂಷ್ಟಿಗೆ ತಂಪು ಇಷ್ಟ, ಬಿಸಿ ಆಗದು. 2024ರಲ್ಲಿ ಸಿಡ್ನಿಯ ಮ್ಯಾಕ್ವಾರಿ ವಿಶ್ವವಿದ್ಯಾಲಯದವರು ತೂತಿನ ಇಟ್ಟಿಗೆ ಜೋಡಿಸಿ ಮೇಲೆ ಬಿಸಿಲುಗೂಡು (ಗ್ರೀನ್‌ಹೌಸ್) ಮುಚ್ಚಿ, ಇನ್ನೊಂದು ಜಾತಿಯ ಕಪ್ಪೆಗಳು ಅದರೊಳಗೆ ಬೆಚ್ಚಗೆ ಕೂತು ರೋಗ ಕಳೆದುಕೊಳ್ಳುವುದನ್ನು ತೋರಿಸಿದರು. ಚಳಿಗಾಲದಲ್ಲಿ ಹೀಟರ್ ಕೆಟ್ಟರೆ ನಾಳೆ ನೋಡೋಣ ಅನ್ನಬಾರದು ಅಂತ ನಾನು ಹೇಳುವುದು ಇದಕ್ಕೇ.

ಹೊಸ ಕಪ್ಪೆ ತಂದರೆ 2 ತಿಂಗಳು ಬೇರೆ ಕೋಣೆ, ಬೇರೆ ಬಟ್ಟಲು, ಬೇರೆ ಚಿಮಟ. ತಳಕ್ಕೆ ಒದ್ದೆ ಟಿಶ್ಯೂ ಮಾತ್ರ. ಮೊದಲು ಹಳೆ ಕಪ್ಪೆಯ ಕೆಲಸ ಮುಗಿಸಿ, ಆಮೇಲೆ ಹೊಸದರ ಹತ್ತಿರ ಹೋಗಿ.

ಮರಿ ಮಾಡಿಸುವುದು

ನಮ್ಮ ಕಡೆ ಮಳೆ ಬಾರದಿದ್ದರೆ ಕಪ್ಪೆಗೆ ಮದುವೆ ಮಾಡಿಸುತ್ತಾರೆ. 2019ರಲ್ಲಿ ಉಡುಪಿಯಲ್ಲಿ ನಡೆದ ಮಂಡೂಕ ಪರಿಣಯ ಪೇಪರಿನಲ್ಲೆಲ್ಲ ಬಂದಿತ್ತು. ಪೆಟ್ಟಿಗೆಯಲ್ಲಿ ಇದು ತಿರುಗಾಮುರುಗ. ನಾವು ಮಳೆ ಸುರಿಸಬೇಕು, ಆಗ ಕಪ್ಪೆಗಳಿಗೆ ಮದುವೆ. ಮಳೆಗೆ ಮುಂಚೆ ಒಂದು ಬೇಸರದ ಒಣ ಕಾಲವೂ ಇರಬೇಕು. ಸುಮ್ನೆ ಪಂಪ್ ಹಾಕಿ ನೀರು ಚಿಮ್ಮಿಸಿದರೆ ಕಪ್ಪೆಗಳು ಮೂಲೆಗೆ ಹೋಗಿ ಕೂರುತ್ತವೆ, ಅಷ್ಟೇ.

ಅದಕ್ಕೂ ಮುಂಚೆ ಒಂದು ಲೆಕ್ಕ. ಒಂದು ಹೆಣ್ಣು ಒಂದು ಸಲಕ್ಕೆ ಕೆಲವು ನೂರರಿಂದ 2000 ಮೊಟ್ಟೆ ಇಡಬಹುದು. ಮರಿ ತೆಗೆದುಕೊಳ್ಳಲು ಲೈಸೆನ್ಸ್ ಇರುವ ಮನೆಗಳು ನಿಮಗೆ ಎಷ್ಟು ಗೊತ್ತು? ಮಿಕ್ಕವನ್ನು ಹಳ್ಳಕ್ಕೆ ಬಿಟ್ಟರಾಯಿತು ಅಂದುಕೊಳ್ಳಬೇಡಿ. ಮನೆಯ ರೋಗ ಹಳ್ಳಕ್ಕೆ ಹೋಗುತ್ತದೆ, ಅಲ್ಲಿರುವ ಕಪ್ಪೆಗಳು ಸಾಯುತ್ತವೆ. ಕಾನೂನೂ ಬಿಡುವುದಿಲ್ಲ. ನಾನು ಮೊದಲು ಮನೆಗಳ ಪಟ್ಟಿ ಬರೆದುಕೊಂಡು, ಲೈಸೆನ್ಸಿನ ಷರತ್ತು ಇನ್ನೊಮ್ಮೆ ಓದಿ, ಆಮೇಲೆ ಪಂಪ್ ತಂದೆ. ಪಟ್ಟಿ ಆಗದಿದ್ದರೆ ಇಲ್ಲಿಗೇ ನಿಲ್ಲಿಸಿ. ಮರಿ ಮಾಡದಿದ್ದರೆ ಕಪ್ಪೆಗೇನೂ ಕೊರತೆ ಇಲ್ಲ.

ಗಂಡು ಹೆಣ್ಣು ಗುರುತಿಸಲು ಗಂಟಲು ನೋಡಿ. ಗಂಡಿನ ಗಂಟಲು ಬೂದು, ಸಡಿಲ, ಸುಕ್ಕು. ಹೆಣ್ಣಿನದು ಬಿಳಿ, ಬಿಗಿ. ಹೆಣ್ಣು ದೊಡ್ಡದು, 10 ಸೆಂ.ಮೀ ಮುಟ್ಟುತ್ತದೆ. ಗಂಡು 7ರ ಸುತ್ತಮುತ್ತ. ಬೆದೆಗೆ ಬಂದ ಗಂಡಿನ ಮುಂಗಾಲಿನ ಹೆಬ್ಬೆರಳಲ್ಲಿ ಕಪ್ಪು ಒರಟು ತೇಪೆ ಬರುತ್ತದೆ. ಕೂಗುವುದು ಗಂಡೇ, ಕ್ರಾಕ್ ಕ್ರಾಕ್ ಕ್ರಾಕ್ ಅಂತ ನಿಧಾನಕ್ಕೆ, ಆಳದಿಂದ. ಪೈಪಿನೊಳಗಿಂದ ಕೂಗಿದರೆ ಅಡುಗೆಮನೆವರೆಗೂ ಕೇಳುತ್ತದೆ. ಎರಡೂ ಕನಿಷ್ಠ 2 ವರ್ಷ ದಾಟಿರಬೇಕು, ಹೆಣ್ಣು 3 ದಾಟಿದ್ದರೆ ಒಳ್ಳೆಯದು. ಒಂದು ಹೆಣ್ಣಿಗೆ ಎರಡು ಗಂಡು ಇದ್ದರೆ ಪೈಪೋಟಿಯಲ್ಲಿ ಇಬ್ಬರೂ ಚೆನ್ನಾಗಿ ಕೂಗುತ್ತಾರೆ.

ಒಣ ಕಾಲ 6 ವಾರ. ಹಗಲು 22ರಿಂದ 24, ರಾತ್ರಿ 17ರಿಂದ 18 ಡಿಗ್ರಿಗೆ ಮೆಲ್ಲಗೆ ಇಳಿಸಿ. ದೀಪ 10 ಗಂಟೆ. ಸಿಂಪಡಿಸುವುದು ವಾರಕ್ಕೆ ಒಂದೆರಡು ಸಲ, ಊಟ ವಾರಕ್ಕೆ ಒಂದೇ ದಿನ. ಬಟ್ಟಲಲ್ಲಿ ನೀರು ಮಾತ್ರ ಯಾವಾಗಲೂ ಇರಲಿ. ಆರೋಗ್ಯ ಪೂರ್ತಿ ಸರಿ ಇಲ್ಲದ ಕಪ್ಪೆಗೆ ಇದನ್ನು ಮಾಡಬೇಡಿ. ಆಮೇಲೆ ಒಂದು ವಾರದಲ್ಲಿ ಮತ್ತೆ 28 ಡಿಗ್ರಿಗೆ ಏರಿಸಿ, ದೀಪ 13 ಗಂಟೆ ಮಾಡಿ, ದಿನ ಬಿಟ್ಟು ದಿನ ಹೊಟ್ಟೆ ತುಂಬ ಊಟ ಹಾಕಿ. ಎರಡು ವಾರದಲ್ಲಿ ಹೆಣ್ಣಿನ ಪಕ್ಕೆ ದುಂಡಗಾಗುತ್ತದೆ, ಗಂಡು ರಾತ್ರಿಯಿಡೀ ಕೂಗುತ್ತದೆ. ಆಗ ಮಳೆ.

ಮಳೆ ಪೆಟ್ಟಿಗೆ ಅಂದರೆ ಬೇರೆ ಒಂದು ಅಕ್ವೇರಿಯಂ. ಅದರಲ್ಲಿ 8ರಿಂದ 10 ಸೆಂ.ಮೀ ನೀರು, 26 ಡಿಗ್ರಿ. ಒಂದು ಸಣ್ಣ ಪಂಪ್ ಆ ನೀರನ್ನೇ ಮೇಲೆತ್ತಿ, ಮುಚ್ಚಳದ ಕೆಳಗೆ ಕಟ್ಟಿದ ತೂತಿನ ಪೈಪಿನಿಂದ ಸುರಿಸುತ್ತದೆ. ತೂತು 2 ಮಿ.ಮೀ ಸಾಕು, ಹನಿ ಬೀಳಬೇಕು, ಧಾರೆ ಅಲ್ಲ. ಪಂಪಿನ ಬಾಯಿಗೆ ಸ್ಪಂಜು ಕಟ್ಟಿ. ಹತ್ತಿ ಕೂರಲು ಕಲ್ಲು, ಮರದ ತುಂಡು, ಮನಿ ಪ್ಲಾಂಟ್ ಇರಲಿ. ಕತ್ತಲಾದ ಮೇಲೆ ಶುರು ಮಾಡಿ 6ರಿಂದ 8 ಗಂಟೆ ಮಳೆ, ಹಗಲು ಬಿಡುವು. ನಾನು ಹೊರಗೂ ಗುಡುಗು ಮಳೆ ಇರುವ ವಾರ ನೋಡಿ ಹಾಕುತ್ತೇನೆ. ಇಲ್ಲಿ ಅದು ನವೆಂಬರ್‌ನಿಂದ ಫೆಬ್ರವರಿ, ಕಾಡಿನಲ್ಲೂ ಇವು ಮೊಟ್ಟೆ ಇಡುವ ಕಾಲ. ನನಗೆ ಎರಡು ಸಲವೂ ಫಲ ಸಿಕ್ಕಿದ್ದು ಅಂಥ ರಾತ್ರಿಯೇ. ಗಂಡು ಹೆಣ್ಣಿನ ಬೆನ್ನೇರಿ ಕಂಕುಳಲ್ಲಿ ಅಪ್ಪಿ ಹಿಡಿದರೆ ಮತ್ತೆ ಪೆಟ್ಟಿಗೆ ಹತ್ತಿರ ಹೋಗಬೇಡಿ. ನಾಲ್ಕು ರಾತ್ರಿ ಕಳೆದರೂ ಏನೂ ಆಗದಿದ್ದರೆ ನಿಲ್ಲಿಸಿ, ಹಳೆ ಪೆಟ್ಟಿಗೆಗೆ ಹಾಕಿ, ಒಂದು ತಿಂಗಳು ಸುಧಾರಿಸಿಕೊಳ್ಳಲು ಬಿಡಿ.

ಬೆಳಗ್ಗೆ ನೋಡಿದರೆ ನೀರಿನಲ್ಲಿ ನೆನೆಸಿದ ಕಾಮಕಸ್ತೂರಿ ಬೀಜ ಚೆಲ್ಲಿದ ಹಾಗೆ ಇರುತ್ತದೆ. ನಡುವೆ ಕಪ್ಪು ಚುಕ್ಕೆ, ಸುತ್ತ ಲೋಳೆ. ದೊಡ್ಡ ಕಪ್ಪೆಗಳನ್ನು ಆಗಲೇ ತೆಗೆದುಬಿಡಿ. ಪಂಪ್ ನಿಲ್ಲಿಸಿ, ಗಾಳಿಗುಳ್ಳೆಯ ಕಲ್ಲು ಮೆಲ್ಲಗೆ ಹಾಕಿ. ಬಿಳಿಯಾಗಿ ಬೂಷ್ಟು ಹಿಡಿದ ಮೊಟ್ಟೆಗಳನ್ನು ಚಮಚದಲ್ಲಿ ಎತ್ತಿ ಹಾಕಿ. ನೀರು ಬೆಚ್ಚಗಿದ್ದರೆ ಒಂದೂವರೆ ಎರಡು ದಿನದಲ್ಲೇ ಒಡೆದು ಮರಿ ಹೊರಗೆ ಬರುತ್ತವೆ. ಮೊದಲ ಎರಡು ದಿನ ಗಾಜಿಗೆ ಕಡ್ಡಿ ಚೂರಿನ ಹಾಗೆ ಅಂಟಿಕೊಂಡಿರುತ್ತವೆ, ಆಗ ಊಟ ಬೇಡ, ಹೊಟ್ಟೆಯಲ್ಲಿ ಇನ್ನೂ ಭಂಡಾರ ಇದೆ.

ಈಜಲು ಶುರು ಮಾಡಿದ ಗೊದಮೊಟ್ಟೆಗೆ ಬೇಯಿಸಿ ತಣಿಸಿದ ಲೆಟಿಸ್ ಎಲೆ, ಸ್ಪಿರುಲಿನಾ ಇರುವ ಮೀನಿನ ಊಟದ ಪುಡಿ. ಒಂದು ಗಂಟೆಯಲ್ಲಿ ಮುಗಿಯುವಷ್ಟು ಮಾತ್ರ, ದಿನಕ್ಕೆ ಎರಡು ಸಲ. ಪಾಲಕ್ ಸೊಪ್ಪು ದಿನಾ ಹಾಕಬೇಡಿ, ಅದರ ಆಕ್ಸಲೇಟ್ ಒಳ್ಳೆಯದಲ್ಲ. ಬೆಳೆಯುತ್ತಾ ಹೋದಂತೆ ಒಂದು ಮರಿಗೆ ಒಂದು ಲೀಟರ್ ನೀರು ಬರುವ ಹಾಗೆ ತೊಟ್ಟಿಗಳಿಗೆ ಹಂಚಿ. ಎರಡು ದಿನಕ್ಕೊಮ್ಮೆ ಮೂರನೇ ಒಂದು ಪಾಲು ನೀರು ತೆಗೆದು, ಅಷ್ಟೇ ಬಿಸಿಯ, ಹದ ಮಾಡಿದ ನೀರು ಹಾಕಿ. ಗೊದಮೊಟ್ಟೆಗಳ ಹೇಲು ನೀರನ್ನು ಬೇಗ ಕೆಡಿಸುತ್ತದೆ. ಮರಿಗಳು ಮೇಲೆ ಬಂದು ಬಂದು ಗಾಳಿ ಗುಟುಕರಿಸುವುದು ಹೆಚ್ಚಾದರೆ ಆ ಕ್ಷಣವೇ ನೀರು ಬದಲಿಸಿ.

ಐದಾರು ವಾರದ ಹೊತ್ತಿಗೆ ಹಿಂಗಾಲು ಬಂದಿರುತ್ತವೆ. ಆಮೇಲೆ ಒಂದು ದಿನ ಮುಂಗಾಲಿನ ಮೊಣಕೈ ಚರ್ಮ ಹರಿದು ಹೊರಗೆ ಬರುತ್ತದೆ, ಒಂದು ಕೈ ಮೊದಲು, ಇನ್ನೊಂದು ಕೆಲವು ಗಂಟೆ ಬಿಟ್ಟು. ಮೊದಲ ಸಲ ನಾನು ಇಲ್ಲೇ ಸೋತೆ. ಮರಿಗಳು ಹತ್ತಲಿ ಅಂತ ನಡುವೆ ಒಂದು ಚಪ್ಪಡಿ ಕಲ್ಲು ಇಟ್ಟಿದ್ದೆ, ಅದರ ಅಂಚು ನೆಟ್ಟಗಿತ್ತು. ರಾತ್ರಿ 30ಕ್ಕೂ ಹೆಚ್ಚು ಮರಿಗಳಿಗೆ ಮುಂಗಾಲು ಬಂದಿವೆ. ಬೆಳಗ್ಗೆ ನೋಡಿದರೆ ಅರ್ಧಕ್ಕರ್ಧ ಕಲ್ಲಿನ ಸುತ್ತ ಸತ್ತು ತೇಲುತ್ತಿದ್ದವು. ಮುಂಗಾಲು ಬಂದ ಮೇಲೆ ಕಿವಿರು ಕೆಲಸ ನಿಲ್ಲಿಸುತ್ತದೆ, ಶ್ವಾಸಕೋಶವೇ ಗತಿ. ಹತ್ತಲು ಇಳಿಜಾರು ಸಿಗದಿದ್ದರೆ ನೀರಿನಲ್ಲೇ ಹುಟ್ಟಿದ ಪ್ರಾಣಿ ನೀರಿನಲ್ಲೇ ಮುಳುಗಿ ಸಾಯುತ್ತದೆ. ಆ ಬೆಳಗ್ಗೆ ನನಗೆ ಇನ್ನೂ ಮರೆತಿಲ್ಲ.

ಈಗ ಹೀಗೆ ಮಾಡುತ್ತೇನೆ. ಹಿಂಗಾಲು ಪೂರ್ತಿ ಬಲಿತ ಮರಿಗಳನ್ನು ಬೇರೆ ಅಗಲವಾದ ಟಬ್ಬಿಗೆ ಹಾಕಿ, ಟಬ್ಬಿನ ಒಂದು ಬದಿಗೆ ಕೆಳಗಿನಿಂದ ಪುಸ್ತಕ ಕೊಟ್ಟು ಓರೆ ಮಾಡುತ್ತೇನೆ. ಒಂದು ಕಡೆ 3 ಸೆಂ.ಮೀ ನೀರು, ಇನ್ನೊಂದು ಕಡೆ ಬರೀ ಒದ್ದೆ. ಪ್ಲಾಸ್ಟಿಕ್ ನುಣುಪು, ಜಾರುತ್ತದೆ. ಅದಕ್ಕೆ ತಳದುದ್ದಕ್ಕೂ ಸೊಳ್ಳೆ ಪರದೆಯ ಜಾಲರಿ ಹಾಸುತ್ತೇನೆ. ಮೇಲೆ ಬಿಗಿಯಾಗಿ ಬಲೆ ಮುಚ್ಚಬೇಕು, ಬಾಲ ಇರುವಾಗಲೇ ಗಾಜು ಹತ್ತುತ್ತವೆ. ಬಾಲ ಕರಗುವ ಆ ನಾಲ್ಕೈದು ದಿನ ಊಟ ಬೇಡ. ಬಾಯಿಯೇ ಹೊಸದಾಗಿ ಕಟ್ಟುತ್ತಿರುತ್ತದೆ, ಬಾಲವೇ ಆಗಿನ ಊಟ.

ಬಾಲ ಹೋದ ಮರಿ 2 ಸೆಂ.ಮೀ ಇರುತ್ತದೆ. ಗಾಳಿ ಆಡುವ ಡಬ್ಬದಲ್ಲಿ ಒದ್ದೆ ಟಿಶ್ಯೂ ಹಾಸಿ 10ರಂತೆ ಹಾಕಿ. ಹಾರಲಾರದ ಹಣ್ಣಿನ ನೊಣ, ಒಂದು ವಾರದ ಪುಟ್ಟ ಕ್ರಿಕೆಟ್ ಹುಳ, ಪ್ರತಿ ದಿನ, ಪ್ರತಿ ಸಲ ಕ್ಯಾಲ್ಸಿಯಂ. ವಾರಕ್ಕೊಮ್ಮೆ ಗಾತ್ರ ನೋಡಿ ಬೇರೆ ಮಾಡಿ, ದೊಡ್ಡದು ಚಿಕ್ಕದನ್ನು ತಿನ್ನುತ್ತದೆ. ತಕ್ಕಡಿಯಲ್ಲಿ ಕಪ್ಪೆ ತೂಗಿದ ಹಾಗೆ ಅನ್ನುವ ಮಾತು ನನಗೆ ಅರ್ಥವಾದದ್ದು ಈ ಕೆಲಸ ಮಾಡುವಾಗಲೇ. ಒಂದನ್ನು ಹಾಕುವಷ್ಟರಲ್ಲಿ ಎರಡು ಜಿಗಿದಿರುತ್ತವೆ. ಬಚ್ಚಲುಮನೆಯಲ್ಲಿ ಬಾಗಿಲು ಹಾಕಿಕೊಂಡು, ನೀರು ಹೋಗುವ ತೂತಿಗೆ ಬಟ್ಟೆ ತುರುಕಿ ಮಾಡಿ.

ಬೇರೆ ಮನೆಗೆ ಕೊಡುವುದು 3 ತಿಂಗಳಾದ ಮೇಲೆ, ತಪ್ಪದೆ ತಿನ್ನುತ್ತಿರುವ ಮರಿಗಳನ್ನು ಮಾತ್ರ. ಒದ್ದೆ ಸ್ಪಂಜು ಹಾಕಿದ ಸಣ್ಣ ಡಬ್ಬದಲ್ಲಿ ಒಂದೊಂದೇ ಮರಿ, ಬಿಸಿಲು ಬೀಳದ ಹಾಗೆ. ಹುಟ್ಟಿದ ತಾರೀಖು, ಏನು ತಿನ್ನುತ್ತದೆ, ಎಷ್ಟು ಡಿಗ್ರಿಯಲ್ಲಿತ್ತು ಅಂತ ಒಂದು ಚೀಟಿ. ಕೊಟ್ಟದ್ದನ್ನು ಲೈಸೆನ್ಸ್ ಪುಸ್ತಕದಲ್ಲಿ ಬರೆಯಬೇಕು. ಜೊತೆಗೆ ನಾನು ಎರಡು ಲೀಟರ್ ಬಾಟಲಿಯಲ್ಲಿ ನಮ್ಮ ಮನೆಯ ಹದ ಮಾಡಿದ ನೀರನ್ನೂ ಕೊಟ್ಟು ಕಳಿಸುತ್ತೇನೆ, ಅವರ ಮನೆಯ ನೀರು ಸಿದ್ಧವಾಗುವವರೆಗೆ ಮೊದಲ ಎರಡು ದಿನಕ್ಕೆ ಬೇಕಾಗುತ್ತದೆ.